ಕೂಡ್ಲು ತೀರ್ಥಕ್ಕೆ ಒಂದು ದಿನದ ಚಾರಣ: ಕರಪತ್ರ ಹೇಳಿದ್ದು, ಕಾಲಿಗೆ ಸಿಕ್ಕಿದ್ದು

ಮೇ ತಿಂಗಳ ಮೂರನೆಯ ವಾರವೆಂದರೆ ಉಡುಪಿಯಲ್ಲಿ ಬಾವಿಗಳ ತಳ ಕಾಣುವ, ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟುವ ಕಾಲ. ಯಕ್ಷಗಾನ ಮೇಳಗಳು ತಿರುಗಾಟದ ಕೊನೆಯ ಆಟಗಳನ್ನು ಆಡುತ್ತಿರುತ್ತವೆ. ಪತ್ತನಾಜೆಗೆ (ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ) ಹತ್ತು ಹನಿಯಾದರೂ ಬೀಳಬೇಕೆಂಬ ತುಳುನಾಡಿನ ಮಾತನ್ನು ನೆನೆಯುತ್ತ ಜನ ಸಂಜೆಗೊಮ್ಮೆ ಘಟ್ಟದ ಕಡೆ ಕತ್ತೆತ್ತಿ ಮೋಡ ನೋಡುತ್ತಾರೆ. ಅಂಥ ವಾರದಲ್ಲಿ ‘ಧುಮ್ಮಿಕ್ಕುವ ಜಲಪಾತಗಳು, ಕಾನನ ಸರೋವರ, ಮಧ್ಯಮ ಶ್ರಮದ ಒಂದು ದಿನದ ಚಾರಣ’ ಎಂಬ ಕರಪತ್ರವೊಂದು ಮೊಬೈಲಿಗೆ ಬಂದಾಗ, ಅದರಲ್ಲಿದ್ದ ಬಿಳಿನೊರೆಯ ಚಿತ್ರವನ್ನು ನೋಡಿಯೇ ನನ್ನ ಮಗಳು ಮೂರು ಜನರ ಹೆಸರು ಬರೆಸಿಬಿಟ್ಟಳು. ತಲೆಗೆ 1,650 ರೂಪಾಯಿ. ಅದರಲ್ಲಿ ಉಡುಪಿಯಿಂದ ಹೋಗಿಬರುವ ವಾಹನ, ತಿಂಡಿ, ಊಟ, ಅರಣ್ಯ ಇಲಾಖೆಯ ಪ್ರವೇಶ ಶುಲ್ಕ, ಮಾರ್ಗದರ್ಶಿ, ಲೈಫ್ ಜಾಕೆಟ್, ಕೆರೆಯ ದೋಣಿ ಎಲ್ಲವೂ ಸೇರಿತ್ತು.

ಪ್ರವಾಸವನ್ನು ನಡೆಸಿದ ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ದೂರುಗಳು ಇವೆ, ಅವನ್ನು ತಂಡದವರಿಗೆ ನೇರವಾಗಿಯೇ ತಿಳಿಸಿದ್ದೇನೆ. ಅಲ್ಲದೆ ಉಡುಪಿ, ಮಣಿಪಾಲ, ಮಂಗಳೂರುಗಳಿಂದ ಇದೇ ಬಗೆಯ ಪ್ರವಾಸ ನಡೆಸುವ ತಂಡಗಳು ಹಲವಿರುವುದರಿಂದ, ಯಾರ ಜೊತೆ ಹೋಗುವವರಾದರೂ ಹಣ ಕಟ್ಟುವ ಮುನ್ನ ಏನನ್ನು ಕೇಳಬೇಕೆಂಬುದು ಈ ಬರಹದಿಂದ ತಿಳಿದರೆ ಸಾಕು.

ಹಣ ಕಟ್ಟಿದ ಮೇಲೆ, ಅಂದರೆ ಬುದ್ಧಿ ಸ್ವಲ್ಪ ತಡವಾಗಿ ಬಂದ ಮೇಲೆ, ನಾನು ತಂಡದವರಿಗೆ ಫೋನು ಮಾಡಿ, ಬೇಸಿಗೆಯ ಕೊನೆಯಲ್ಲಿ ಜಲಪಾತದಲ್ಲಿ ನೀರು ಇರುತ್ತದೆಯೇ ಎಂದು ವಿಚಾರಿಸಿದೆ. ಆ ಕಡೆಯ ಹುಡುಗ ಸುಳ್ಳು ಹೇಳಲಿಲ್ಲ. ಚಿತ್ರ ಆಗಸ್ಟ್ ತಿಂಗಳಿನದು, ಈಗ ಅದರಲ್ಲಿ ಕಾಲು ಭಾಗವೂ ಇರುವುದಿಲ್ಲ, ಆದರೆ ಈಗ ಹೋದರೆ ಜಲಪಾತದ ಬುಡದವರೆಗೆ ನಡೆದು ಹೋಗಬಹುದು, ಮಳೆಗಾಲದಲ್ಲಿ ಅದು ಸಾಧ್ಯವಿಲ್ಲ ಎಂದ. ಬೇಡವೆನಿಸಿದರೆ ಹಣ ಹಿಂದಿರುಗಿಸುತ್ತೇವೆ ಎಂದೂ ಸೇರಿಸಿದ. ಈ ಮಾತು ನನಗೆ ಹಿಡಿಸಿತು. ಅದೇ ಮಾತನ್ನು ಕರಪತ್ರದಲ್ಲಿ ಬರೆಯಲು ಏನು ಅಡ್ಡಿ ಎಂಬ ಪ್ರಶ್ನೆ ಮಾತ್ರ ದಿನವಿಡೀ ನನ್ನ ಜೊತೆಗೇ ನಡೆಯಿತು.

ಬೆಳಿಗ್ಗೆ ಐದೂಮುಕ್ಕಾಲಿಗೆ ಕಲ್ಸಂಕದ ಬಳಿ ನಿಂತಿರಬೇಕೆಂದು ಹೇಳಿದ್ದರು, ನಿಂತಿದ್ದೆವು. ವಾಹನ ಬಂದದ್ದು ಆರೂವರೆಗೆ. ಚಾಲಕನಿಗೆ ಮಣಿಪಾಲದ ವಿದ್ಯಾರ್ಥಿಗಳನ್ನು ಎಬ್ಬಿಸಿ ಹತ್ತಿಸಿಕೊಳ್ಳುವುದರಲ್ಲಿ ತಡವಾಯಿತಂತೆ. ಮುಕ್ಕಾಲು ಗಂಟೆಯ ತಡ ಅಂಥ ದೊಡ್ಡ ಅಪರಾಧವೇನಲ್ಲ ಎಂದು ಆಗ ಅನಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಮುಕ್ಕಾಲು ಗಂಟೆಯ ಬೆಲೆ ಗೊತ್ತಾಯಿತು. ನಾವು ಒಟ್ಟು ಹದಿನೇಳು ಜನ. ಪೆರ್ಡೂರಿನಲ್ಲಿ ನಿಲ್ಲಿಸಿ ಬನ್ಸ್ ಮತ್ತು ಅವಲಕ್ಕಿ ಕೊಡಿಸಿದರು. ಎರಡೂ ಬಿಸಿಯಾಗಿದ್ದವು, ರುಚಿಯಾಗಿದ್ದವು, ಅಷ್ಟು ಸಾಕು.

ಕರಪತ್ರದ ‘ಜಲಪಾತಗಳು’ ಎಂಬ ಬಹುವಚನಕ್ಕೆ ಆಧಾರವಾಗಿದ್ದ ಎರಡರಲ್ಲಿ ಮೊದಲನೆಯದು ಹೆಬ್ರಿ ಸಮೀಪದ ಜೋಮ್ಲು ತೀರ್ಥ. ಇದು ಸೀತಾನದಿ ಬಂಡೆಗಳ ನಡುವೆ ಇಳಿಯುವ ಚಿಕ್ಕ ಜಲಪಾತ. ಮಳೆಗಾಲದಲ್ಲಿ ಇಲ್ಲಿ ನದಿ ಇಡೀ ಅಗಲಕ್ಕೆ ಉಕ್ಕುತ್ತದೆ. ನಾವು ಹೋದಾಗ ಕರಿಬಂಡೆಗಳ ನಡುವಿನ ಒಂದು ಸೀಳಿನಲ್ಲಿ ಕೈಯಷ್ಟು ಅಗಲದ ನೀರು ಇಳಿಯುತ್ತಿತ್ತು. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಈ ನಿಲುಗಡೆ ನಿರಾಶೆ ತರಲಿಲ್ಲ, ಅದಕ್ಕೆ ಕಾರಣ ಹೆಬ್ರಿಯಲ್ಲಿ ನಮ್ಮ ಜೊತೆ ಸೇರಿಕೊಂಡ ಮಾರ್ಗದರ್ಶಿ. ಐವತ್ತು ದಾಟಿದ, ನಾಡ್ಪಾಲು ಕಡೆಯ ಈ ಮನುಷ್ಯ ತುಳು ಬೆರೆಸಿದ ಕನ್ನಡದಲ್ಲಿ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡದವರು. ಅವರು ನಮ್ಮನ್ನು ಬಂಡೆಗಳ ಮೇಲೆ ಕರೆದೊಯ್ದು, ಒರಳಿನಂತೆ ದುಂಡಗೆ ಕೊರೆದುಹೋದ ಗುಂಡಿಗಳನ್ನು ತೋರಿಸಿದರು. ಮಳೆಗಾಲದ ಸುಳಿಯಲ್ಲಿ ಸಿಕ್ಕ ಕಲ್ಲುಗಳು ವರ್ಷವರ್ಷವೂ ಅಲ್ಲೇ ಗಿರಗಿರನೆ ತಿರುಗಿ ಕೊರೆದ ಗುಂಡಿಗಳವು. ಒಂದೆರಡರ ತಳದಲ್ಲಿ ಆ ಕಲ್ಲುಗಳು ಲಿಂಗದಂತೆ ನುಣ್ಣಗಾಗಿ ಇನ್ನೂ ಕುಳಿತಿದ್ದವು. ಮೊಣಕಾಲುದ್ದದ ನೀರೆಂದು ಕಾಲಿಟ್ಟವನು ಇಂಥ ಗುಂಡಿಯಲ್ಲಿ ಎದೆಮಟ್ಟ ಇಳಿಯುತ್ತಾನೆ, ಕಾಲು ಬಿಡಿಸಿಕೊಳ್ಳುವಷ್ಟರಲ್ಲಿ ಹರಿವು ಅವನನ್ನು ಬಗ್ಗಿಸಿರುತ್ತದೆ ಎಂದರು. ಹೊಳೆಯಲ್ಲಿ ಈಜಲು ಹೋದವರು ಮುಳುಗಿದ ಸುದ್ದಿಗಳನ್ನು ಪ್ರತಿವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಅದು ಹೇಗೆ ಆಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡದ್ದು ನೀರಿಲ್ಲದ ಆ ಹೊಳೆಯಲ್ಲಿ. ನನ್ನ ಮಟ್ಟಿಗೆ ಕೊಟ್ಟ ಹಣದ ಒಂದು ಪಾಲು ಅಲ್ಲಿಯೇ ಸಂದಿತು.

ಹೆಬ್ರಿಯಿಂದ ಕೂಡ್ಲು ತೀರ್ಥಕ್ಕೆ ಸುಮಾರು 20 ಕಿಲೋಮೀಟರ್. ಈಚಿನ ವರ್ಷಗಳಲ್ಲಿ ವಾಹನಗಳು ಅರಣ್ಯ ಇಲಾಖೆಯ ಗೇಟಿನ ಹತ್ತಿರದವರೆಗೂ ಹೋಗುತ್ತವೆ, ಅಲ್ಲಿಂದ ಮುಂದಿನ ಕಾಲುದಾರಿ ದೊಡ್ಡದೇನಲ್ಲ. ಆದ್ದರಿಂದ ‘ಚಾರಣ’ ಎಂಬ ಪದವನ್ನು ಉಳಿಸಿಕೊಳ್ಳುವುದಕ್ಕೋ ಏನೋ, ನಮ್ಮ ವಾಹನವನ್ನು ಮೂರು ಕಿಲೋಮೀಟರ್ ಹಿಂದೆಯೇ ನಿಲ್ಲಿಸಿ, ಅಲ್ಲಿಂದ ನಡೆಸಿದರು. ಹಿಂದೆ ಜೀಪು ರಸ್ತೆಯೂ ಸರಿಯಿಲ್ಲದ ಕಾಲದಲ್ಲಿ ಎಲ್ಲರೂ ನಡೆಯುತ್ತಿದ್ದ ದಾರಿಯೇ ಅದು. ಮೊದಲಿಗೆ ಇದೊಂದು ನಾಟಕವೆನಿಸಿ ನಾನು ಗೊಣಗಿದ್ದು ನಿಜ. ನಡೆದ ಮೇಲೆ, ನಡೆಸದಿದ್ದರೆ ಮೋಸವಾಗುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ. ಸೋಮೇಶ್ವರ ವನ್ಯಜೀವಿಧಾಮದ (1974ರಲ್ಲಿ ಘೋಷಿತವಾದದ್ದು) ಈ ಕಾಡು ಮೇ ತಿಂಗಳಲ್ಲೂ ಹಸಿರು ಬಿಟ್ಟುಕೊಟ್ಟಿರಲಿಲ್ಲ. ಉಡುಪಿಯ ಬಿಸಿಲಿನಿಂದ ಬಂದವರಿಗೆ ಧೂಪದ ಮರಗಳ ಕೆಳಗಿನ ನೆರಳು ಬೇರೆಯೇ ಒಂದು ಋತುವಿನಂತಿತ್ತು. ದಾರಿಯುದ್ದಕ್ಕೂ ಪುನರ್ಪುಳಿಯ (ಕೋಕಂ) ಹಣ್ಣುಗಳು ಬಿದ್ದು, ಒಡೆದು, ಮಣ್ಣಿಗೆ ಕೆಂಪು ಕಲೆ ಹಿಡಿಸಿದ್ದವು. ಜೀರುಂಡೆಗಳ ಸದ್ದು ಮಾತಾಡಲು ಬಿಡುತ್ತಿರಲಿಲ್ಲ. ಉಂಬಳಗಳ (ಕಾಡಿನ ಜಿಗಣೆಗಳ) ಕಾಟ ಇರಲಿಲ್ಲ. ಮೊದಲ ನಾಲ್ಕು ಮಳೆ ಬಿದ್ದರೆ ಅವು ಎಲ್ಲಿಂದ ಬರುತ್ತವೋ ಗೊತ್ತಿಲ್ಲ, ಆದರೆ ಎಲೆಗೊಂದು ಇರುತ್ತದೆ ಎಂದು ಮಾರ್ಗದರ್ಶಿ ಹೇಳಿದರು. ಕರಪತ್ರದವರು ಈ ಮಾತನ್ನಾದರೂ ಬಳಸಿಕೊಂಡಿದ್ದರೆ ಬೇಸಿಗೆಯ ಪ್ರವಾಸಕ್ಕೆ ಇನ್ನೂ ಹತ್ತು ಜನ ಸಿಗುತ್ತಿದ್ದರು.

ಕೂಡ್ಲು ತೀರ್ಥದ ಬಗ್ಗೆ ಬರೆಯುವಾಗ ನಾನು ಎಚ್ಚರದಿಂದಿರಬೇಕು, ಏಕೆಂದರೆ ಉತ್ಪ್ರೇಕ್ಷೆಯ ದೂರನ್ನು ನಾನೇ ಹೊತ್ತು ತಂದಿದ್ದೇನೆ. ಆಗುಂಬೆಯ ಸುತ್ತಿನ ಘಟ್ಟದಲ್ಲಿ ಹುಟ್ಟುವ ಸೀತಾನದಿಯ ನೀರು ಇಲ್ಲಿ ನೂರಡಿಗೂ ಮಿಕ್ಕ ನೇರ ಬಂಡೆಯಿಂದ ಒಂದು ಕೊಳಕ್ಕೆ ಬೀಳುತ್ತದೆ. ಋಷಿಗಳು ತಪಸ್ಸು ಮಾಡಿದ ಸ್ಥಳವೆಂಬ ನಂಬಿಕೆಯಿಂದ ಅದಕ್ಕೆ ತೀರ್ಥವೆಂಬ ಹೆಸರು. ಇದೇ ನದಿ ಮೇಲ್ಗಡೆ 259 ಮೀಟರ್ ಎತ್ತರದ ಬರ್ಕಣ ಜಲಪಾತವಾಗಿ ಇಳಿಯುತ್ತದೆ, ಅದನ್ನು ಆಗುಂಬೆಯ ಕಡೆಯಿಂದ ದೂರದಲ್ಲಿ ನಿಂತು ನೋಡಬೇಕು. ಕೂಡ್ಲುವಿನಲ್ಲಾದರೋ ನೀರಿನ ಕೆಳಗೇ ನಿಲ್ಲಬಹುದು. ನಾವು ಕಂಡ ದಿನ ನೀರು ಧುಮ್ಮಿಕ್ಕುತ್ತಿರಲಿಲ್ಲ. ಒಂದು ಬಿಳಿ ಪಂಚೆಯನ್ನು ಒಣಹಾಕಿದಷ್ಟು ಅಗಲದಲ್ಲಿ, ಬಂಡೆಯನ್ನು ತಡವುತ್ತ, ಅರ್ಧ ದಾರಿಯಲ್ಲಿ ಚದುರಿ ಹನಿಯಾಗಿ ಇಳಿಯುತ್ತಿತ್ತು. ಕೊಳದ ನೀರು ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು, ಮತ್ತು ಮೊದಲ ಮುಳುಗಿಗೆ ಉಸಿರು ಹಿಡಿಯುವಷ್ಟು ತಣ್ಣಗಿತ್ತು. ಮಂಗಳೂರಿನಿಂದ ಬಂದಿದ್ದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಅರುವತ್ತೈದರ ವಯಸ್ಸಿನಲ್ಲಿ ಪತ್ನಿಯ ಕೈ ಹಿಡಿದು ಬಂಡೆಯ ಬುಡಕ್ಕೆ ಹೋಗಿ, ಆ ಹನಿಗಳ ಕೆಳಗೆ ಹತ್ತು ನಿಮಿಷ ನಿಂತರು. ಆಗಸ್ಟ್ ತಿಂಗಳಲ್ಲಿ ಅದೇ ಜಾಗದಲ್ಲಿ ನಿಲ್ಲುವುದಿರಲಿ, ಹತ್ತಿರ ಸುಳಿಯುವುದೂ ಆಗದ ಮಾತು. ಆಗ ನೀರಿನ ಹೊಡೆತಕ್ಕೆ ಎದ್ದ ತುಂತುರು ದೂರದ ಮೆಟ್ಟಿಲುಗಳನ್ನೂ ನೆನೆಸುತ್ತದೆ, ಬಂಡೆಗಳಿಗೆ ಪಾಚಿ ಕಟ್ಟಿರುತ್ತದೆ. ಬೇಸಿಗೆಯ ಕೊನೆಯ ಕೂಡ್ಲು ನೋಡುವವರಿಗೆ ಸಣ್ಣದು, ಸ್ನಾನ ಮಾಡುವವರಿಗೆ ದೊಡ್ಡದು.

ಸುರಕ್ಷತೆಯ ಏರ್ಪಾಡಿನಲ್ಲಿ ತಂಡಕ್ಕೆ ನಾನು ಅರ್ಧ ಅಂಕವನ್ನಷ್ಟೇ ಕೊಡುತ್ತೇನೆ. ಹದಿನೇಳು ಜನರಿಗೆ ಹನ್ನೆರಡು ಲೈಫ್ ಜಾಕೆಟ್‌ಗಳಿದ್ದವು, ಅದರಲ್ಲಿ ಎರಡರ ಬಕಲ್ ಮುರಿದಿತ್ತು. ಸರದಿಯ ಮೇಲೆ ಇಳಿಯಿರಿ ಎಂದು ಜೊತೆಗಿದ್ದ ಹುಡುಗರು ಹೇಳಿದರು, ಆದರೆ ನೀರು ಕಂಡ ವಿದ್ಯಾರ್ಥಿಗಳಿಗೆ ಸರದಿ ಎಂಬುದು ಅರ್ಥವಾಗುವ ಪದವಲ್ಲ. ಕೊಳದ ನಡುಭಾಗ ಆಳವಿದೆ. ಹಗ್ಗವನ್ನು ತಂದಿದ್ದರು, ಅದನ್ನು ಕಟ್ಟಿದವರು ಮಾರ್ಗದರ್ಶಿಯೇ. ಈ ಹಗ್ಗದಿಂದ ಆಚೆ ಹೋದವರ ಜೊತೆ ನಾನು ಹಿಂದಿರುಗುವುದಿಲ್ಲ ಎಂದು ಅವರು ಒಮ್ಮೆ ಮಾತ್ರ ಹೇಳಿದರು, ಆಮೇಲೆ ಯಾರೂ ಹೋಗಲಿಲ್ಲ. ಹಣ ಪಡೆದು ನೀರಿಗಿಳಿಸುವವರು ತಲೆಗೊಂದು ಜಾಕೆಟ್ ತರುವುದು ಸೌಜನ್ಯದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ.

ಇಡೀ ದಿನದಲ್ಲಿ ಈ ಸೇವೆಯ ನಿಜವಾದ ಬೆಲೆ ತಿಳಿದದ್ದು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ. ನಾವು ನೀರಿಗಿಳಿದು ನಲವತ್ತು ನಿಮಿಷವೂ ಆಗಿರಲಿಲ್ಲ. ತಲೆಯ ಮೇಲೆ ಬಿಸಿಲು ಚೆನ್ನಾಗಿಯೇ ಇತ್ತು. ಮಾರ್ಗದರ್ಶಿ ಒಂದು ಬಂಡೆಯ ಮೇಲೆ ಕುಳಿತು, ನಮ್ಮನ್ನಲ್ಲ, ಜಲಪಾತದ ನೆತ್ತಿಯ ಮೇಲಿನ ಆಕಾಶದ ತುಣುಕನ್ನು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಎದ್ದು ಸೀಟಿ ಊದಿ, ಐದು ನಿಮಿಷದಲ್ಲಿ ಎಲ್ಲರೂ ಮೆಟ್ಟಿಲ ಮೇಲಿರಬೇಕು ಎಂದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಇಷ್ಟು ದೂರ ಬಂದು, ಇಷ್ಟು ಹಣ ಕೊಟ್ಟು, ಬಿಸಿಲಿರುವಾಗಲೇ ಏಳಿಸುವುದು ಯಾವ ನ್ಯಾಯ ಎಂದು ಒಬ್ಬ ಕೇಳಿದ. ಮಾರ್ಗದರ್ಶಿ ಉತ್ತರಿಸಲಿಲ್ಲ, ಹಗ್ಗ ಬಿಚ್ಚತೊಡಗಿದರು. ನಡೆಯುವಾಗ ನಾನು ಕೇಳಿದ್ದಕ್ಕೆ ವಿವರಿಸಿದರು. ಬೇಸಿಗೆಯ ಕೊನೆಯಲ್ಲಿ ಕಡಲ ಕಡೆಯ ಹಸಿಗಾಳಿ ಕಾದು ಘಟ್ಟವನ್ನು ಹತ್ತುತ್ತದೆ, ಮಧ್ಯಾಹ್ನದ ಮೇಲೆ ಅಲ್ಲೇ ಮೋಡವಾಗಿ ಗುಡುಗಿ ಸುರಿಯುತ್ತದೆ. ಮಳೆ ಬೀಳುವುದು ಮೇಲೆ, ಆಗುಂಬೆಯ ಕಡೆ. ಕೆಳಗೆ ಕೊಳದಲ್ಲಿರುವವನ ತಲೆಯ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಆದರೆ ಆ ನೀರಿಗೆ ಬರಲು ಇರುವ ದಾರಿ ಇದೊಂದೇ. ನೀರು ಬಣ್ಣ ಬದಲಿಸುವುದು, ತರಗೆಲೆ ಕಡ್ಡಿಗಳು ತೇಲಿಬರುವುದು, ಬೀಳುವ ಸದ್ದು ದಪ್ಪಗಾಗುವುದು, ಇವು ಎಚ್ಚರಿಕೆಗಳೇ. ಆದರೆ ಅವು ಕಾಣುವ ಹೊತ್ತಿಗೆ ದಡ ಸೇರಿರಬೇಕು, ಆಗ ಹೊರಡುವುದಲ್ಲ. ಅವರು ಕೇಳಿಸಿಕೊಂಡದ್ದು ನಮಗೆ ಜೀರುಂಡೆಗಳ ನಡುವೆ ಕೇಳಿಸದೇ ಹೋದ ಒಂದು ದೂರದ ಗುಡುಗನ್ನು.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆ ಮೇಲೆಯೇ ಇದೆ ಎಂಬುದು ಭೂಗೋಳದ ಪುಸ್ತಕದಲ್ಲಿ ಓದಿದಾಗ ಒಂದು ಅಂಕಿ, ಅದರ ಕೆಳಗೆ ನಿಂತಾಗ ಬೇರೆಯೇ ಸಂಗತಿ. ನಾವು ಗೇಟನ್ನು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಕತ್ತಲು ಕವಿಯಿತು. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು, ಪಾದ ನೆನೆಯದಂತೆ ದಾಟಿದ್ದ ಒಂದು ಹಳ್ಳದಲ್ಲಿ ಚಹಾದ ಬಣ್ಣದ ನೀರು ಮೀನಖಂಡದವರೆಗೆ ಹರಿಯುತ್ತಿತ್ತು. ನ್ಯಾಯ ಕೇಳಿದ್ದ ಹುಡುಗನೇ ಮಾರ್ಗದರ್ಶಿಯ ಭುಜ ಹಿಡಿದು ದಾಟಿದ. ಆಮೇಲೆ ಮಳೆ ನಮ್ಮ ಮೇಲೂ ಬಿತ್ತು, ಹತ್ತು ಹನಿಯಲ್ಲ, ಬೇಕಾದಷ್ಟು. ಬೆಳಗಿನ ಮುಕ್ಕಾಲು ಗಂಟೆಯ ತಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಸರಿಯಾಗಿ ಹೊರಟಿದ್ದರೆ ನೀರಿನಲ್ಲಿ ನಮಗೆ ಎರಡು ಪಾಲು ಹೊತ್ತು ಸಿಗುತ್ತಿತ್ತು, ಇಲ್ಲವೇ ಹಳ್ಳವನ್ನು ಒಣಗಿದ ಕಾಲಿನಲ್ಲೇ ದಾಟುತ್ತಿದ್ದೆವು. ಮೇ ತಿಂಗಳಲ್ಲಿ ಈ ಪ್ರವಾಸವನ್ನು ನಡೆಸುವವರು ಐದು ಗಂಟೆಗೆ ಹೊರಡಿಸಿ, ಹನ್ನೆರಡೂವರೆಗೆ ನೀರಿನಿಂದ ಏಳಿಸಬೇಕು. ಎದ್ದು ಬರಲೊಪ್ಪದವರನ್ನು ಬಿಟ್ಟುಬರುವ ಧೈರ್ಯವೂ ಇರಬೇಕು.

ಊಟದ ವಿಷಯವನ್ನು ಬೇಗ ಮುಗಿಸುತ್ತೇನೆ. ‘ಅಪ್ಪಟ ಕರಾವಳಿ ಊಟ’ ಎಂದು ಬರೆದಿದ್ದರು. ಕೊಟ್ಟದ್ದು ಬೆಳಗಿನ ಜಾವ ಉಡುಪಿಯಲ್ಲಿ ಕಟ್ಟಿಸಿದ ಪಲಾವಿನ ಪೊಟ್ಟಣ. ಮೇ ತಿಂಗಳ ವಾಹನದೊಳಗೆ ಎಂಟು ಗಂಟೆ ಕಳೆದ ಪಲಾವು ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ನಿವೃತ್ತ ದಂಪತಿ ಮುಟ್ಟಲಿಲ್ಲ, ನಾನು ಅರ್ಧ ತಿಂದು ಪಶ್ಚಾತ್ತಾಪಪಟ್ಟೆ. ಹೆಬ್ರಿಯ ಯಾವ ಚಿಕ್ಕ ಹೋಟೆಲಿನಲ್ಲಾದರೂ ಅದೇ ಹಣಕ್ಕೆ ಬಿಸಿ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ ಸಿಗುತ್ತಿತ್ತು. ದಾರಿಯಲ್ಲಿ ಮಾರ್ಗದರ್ಶಿಯ ಮನೆಯವರು ಎಲ್ಲರಿಗೂ ಪುನರ್ಪುಳಿ ಶರಬತ್ತು ಮಾಡಿ ಕೊಟ್ಟರು. ಅದು ಕರಪತ್ರದಲ್ಲಿ ಇರಲಿಲ್ಲ.

ಇನ್ನು ‘ಕಾನನ ಸರೋವರ’. ಹೆಬ್ರಿಯಿಂದ ಕಾರ್ಕಳದ ದಾರಿಯಲ್ಲಿ ವಾಹನ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ, ಏಕೆಂದರೆ ನಾವು ಬಂದದ್ದು ವರಂಗದ ಕೆರೆ ಬಸದಿಗೆ. ಕೆರೆ ಸುಂದರವಾದದ್ದು, ಹಿನ್ನೆಲೆಗೆ ಘಟ್ಟದ ಸಾಲೂ ಇದೆ, ಆದರೆ ಸುತ್ತ ಇರುವುದು ಗದ್ದೆ, ತೆಂಗು ಮತ್ತು ಊರು. ಕೆರೆಯ ನಟ್ಟನಡುವೆ ನಿಂತ ಈ ಬಸದಿಯಲ್ಲಿ ನಾಲ್ಕು ದಿಕ್ಕಿಗೂ ಮುಖಮಾಡಿದ ತೀರ್ಥಂಕರರ ಮೂರ್ತಿಗಳಿವೆ. ಹೊಂಬುಜದ ಜೈನ ಮಠದ ಆಡಳಿತಕ್ಕೆ ಸೇರಿದ ಈ ಕ್ಷೇತ್ರದಲ್ಲಿ, ದಡದಿಂದ ಕೊಂಚ ದೂರದಲ್ಲಿ ನೇಮಿನಾಥ ಬಸದಿಯೂ ಇದೆ. ಕಾರ್ಕಳದ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿಯನ್ನೂ, ಅಲ್ಲಿಯ ಆನೆಕೆರೆಯ ನಡುವಿನ ಬಸದಿಯನ್ನೂ ನೋಡಿದವರಿಗೆ ವರಂಗ ಆ ಎರಡನ್ನೂ ಒಂದೇ ಕಡೆ ಸೇರಿಸಿದಂತೆ ಕಾಣುತ್ತದೆ. ಇದನ್ನು ಕಾಡಿನ ಸರೋವರವೆಂದು ಕರೆಯುವುದು ಕಾಡಿಗೂ ಅವಮಾನ, ಬಸದಿಗೂ ಅವಮಾನ.

ಹೆಸರಿನ ತಪ್ಪಿಗಿಂತ ಅದರಿಂದಾದ ತೊಂದರೆ ದೊಡ್ಡದು. ಸರೋವರವೆಂದು ನಂಬಿ ಬಂದವರು ಈಜುವ ಚಡ್ಡಿಯಲ್ಲಿಯೇ ಇದ್ದರು, ಹಲವರ ಬಟ್ಟೆ ಒದ್ದೆ. ಪೂಜೆ ನಡೆಯುವ ಜಾಗಕ್ಕೆ ಹೀಗೆ ಹೋಗಬಾರದೆಂದು ಯಾರಿಗೂ ಮೊದಲೇ ಹೇಳಿರಲಿಲ್ಲ. ಐವರು ದಡದಲ್ಲೇ ಉಳಿದರು. ನನ್ನ ಹೆಂಡತಿ ಚೀಲದಲ್ಲಿ ಒಂದು ಜೊತೆ ಒಣಬಟ್ಟೆ ಇಟ್ಟುಕೊಂಡಿದ್ದರಿಂದ ನಮ್ಮ ಮನೆಯ ಮಾನ ಉಳಿಯಿತು. ಕಾಡಿನ ಮಾರ್ಗದರ್ಶಿ ಹೆಬ್ರಿಯಲ್ಲೇ ಇಳಿದುಕೊಂಡಿದ್ದರು. ತಂಡದ ಹುಡುಗನಿಗೆ ಬಸದಿಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ‘ಬಹಳ ಹಳೆಯದು ಸರ್’ ಎಂಬ ಒಂದೇ ಉತ್ತರ ಗೊತ್ತಿತ್ತು. ದೋಣಿ ಚಿಕ್ಕದು, ಮೂರು ಸಲ ಹೋಗಿಬರಬೇಕಾಯಿತು. ಬೇಸಿಗೆಗೆ ಕೆರೆಯ ನೀರು ಇಳಿದು, ದಡದ ಕೆಸರು ಬಿರಿದಿತ್ತು. ಮಳೆ ನಿಂತ ಮೇಲಿನ ಬೆಳಕಿನಲ್ಲಿ, ಹುಟ್ಟಿನ ಸದ್ದೊಂದನ್ನು ಬಿಟ್ಟರೆ ಬೇರೆ ಸದ್ದಿಲ್ಲದ ಆ ನಾಲ್ಕು ನಿಮಿಷದ ಯಾನ ಮಾತ್ರ ಯಾವ ವಿವರಣೆಯ ಕೊರತೆಯಿಂದಲೂ ಕೆಡಲಿಲ್ಲ. ಕೂಡ್ಲುವಿನಲ್ಲಿ ಕಿರಿಚಾಡಿ ಸುಸ್ತಾಗಿದ್ದ ಮಗಳು ಅಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಮತ್ತೆ ಹೋಗುತ್ತೀರಾ ಎಂದು ಮನೆಗೆ ಬಂದವರು ಕೇಳುತ್ತಾರೆ. ಅದೇ ಮಾರ್ಗದರ್ಶಿ ಇರುತ್ತಾರೆಂದರೆ ನಾಳೆಯೇ ಹೋಗುತ್ತೇನೆ. ಅವರಿಲ್ಲದಿದ್ದರೆ ಅರ್ಧ ಹಣಕ್ಕೂ ಹೋಗುವುದಿಲ್ಲ. ಆದ್ದರಿಂದ ಇಂಥ ಪ್ರವಾಸಕ್ಕೆ ಹೆಸರು ಬರೆಸುವವರು ಜಲಪಾತದ ಎತ್ತರವನ್ನು ವಿಚಾರಿಸುವ ಮೊದಲು, ಜೊತೆಗೆ ಬರುವವರು ಆ ಊರಿನವರೇ, ಲೈಫ್ ಜಾಕೆಟ್ ಎಷ್ಟಿವೆ, ನೀರಿನಿಂದ ಎಷ್ಟು ಗಂಟೆಗೆ ಎಬ್ಬಿಸುತ್ತೀರಿ ಎಂದು ಕೇಳುವುದೊಳ್ಳೆಯದು. ಮೂರನೆಯ ಪ್ರಶ್ನೆಗೆ ‘ನಿಮಗೆ ಸಾಕೆನಿಸುವವರೆಗೆ’ ಎಂಬ ಉತ್ತರ ಬಂದರೆ ಬೇರೆ ತಂಡವನ್ನು ಹುಡುಕಿಕೊಳ್ಳಿ.

ಈ ದೂರುಗಳನ್ನೆಲ್ಲ ನಾನು ತಂಡದವರಿಗೆ ಬರೆದು ಕಳುಹಿಸಿದ ಮೇಲೆ, ಊಟದ ಬಾಬ್ತು ತಲೆಗೆ 150 ರೂಪಾಯಿ ಹಿಂದಿರುಗಿಸಿದರು. ಎರಡು ವಾರ ಬಿಟ್ಟು, ಮಳೆಗಾಲದ ನಂತರದ ಪ್ರವಾಸಕ್ಕೆಂದು ಹೊಸ ಕರಪತ್ರ ಬಂತು. ‘ಕಾನನ ಸರೋವರ’ ಹೋಗಿ ‘ವರಂಗ ಕೆರೆ ಬಸದಿ, ಸಭ್ಯ ಉಡುಪು ಕಡ್ಡಾಯ’ ಎಂದಾಗಿತ್ತು. ಜಲಪಾತದ ಚಿತ್ರ ಮಾತ್ರ ಆ ಆಗಸ್ಟ್ ತಿಂಗಳಿನದೇ.